ಒಂದೇ ಗಡ್ಡೆಯ ಎರಡು ಮೆಳೆ

ಮಗಳ ಸಂಕಟ ನೋಡಲಾರದೆ ನಮ್ಮ ತಾತ ಕುರುಗೋಡಿನ ತೋಟದ ಬಿದಿರು ಮೆಳೆಯನ್ನು ಬುಡಮಟ್ಟ ಕಡಿಸಿ ಹಾಕಿದ ಎಂಬುದು ನಮ್ಮ ಬಂಧುಬಳಗದಲ್ಲಿ ಎಲ್ಲರೂ ಮೆಚ್ಚಿ ಹೇಳುವ ಕಥೆ. ಮದುವೆ ಮನೆಯಲ್ಲಿ, ತೊಟ್ಟಿಲ ಕಾರ್ಯದಲ್ಲಿ, ಯಾವಳಾದರೂ ಹೆಣ್ಣುಮಗಳು ತವರಿಗೆ ಬಂದು ಕಣ್ಣೊರೆಸಿಕೊಂಡಾಗ, ಇದನ್ನು ತೆಗೆಯುತ್ತಾರೆ. ಸಿರುಗುಪ್ಪದಲ್ಲಿ ಗಂಗವ್ವನ ಬಿದಿರು ಹೂ ಬಿಟ್ಟಿತು, ಗಂಡನ ಮನೆಯವರು ಅಪಶಕುನವೆಂದು ಅವಳನ್ನು ತವರಿಗೆ ಅಟ್ಟಿದರು, ಅವಳು ಅಳುತ್ತ ಬಂದಳು, ಹೆತ್ತ ಕರುಳು ಉರಿದು ತಂದೆ ಅದೇ ದಿನ ಕೊಡಲಿ ತರಿಸಿದ. ಹೇಳುವವರ ಗಂಟಲು ಇಲ್ಲಿ ಕಟ್ಟುತ್ತದೆ. ಕೇಳುವವರು "ಅಪ್ಪ ಅಂದ್ರ ಹಂಗಿರಬೇಕು" ಅನ್ನುತ್ತಾರೆ. ಗಂಗವ್ವ ನನ್ನ ಸೋದರತ್ತೆ, ನನ್ನ ತಂದೆಯ ತಂಗಿ. ಇದೆಲ್ಲ ನಡೆದಾಗ ನಾನು ಅದೇ ಮನೆಯಲ್ಲಿ ಉಂಡು ಮಲಗುತ್ತಿದ್ದವನು. ಅವಳು ಅಳುತ್ತ ಬರಲಿಲ್ಲ, ಅದೇ ದಿನ ಕೊಡಲಿಯೂ ಬರಲಿಲ್ಲ. ಎರಡು ಸಣ್ಣ ತಪ್ಪು, ಬಿಡು, ಕಥೆ ಚೆನ್ನಾಗಿದೆಯಲ್ಲ ಎಂದು ನಮ್ಮವರು ನನ್ನ ಬಾಯಿ ಮುಚ್ಚಿಸುತ್ತಾರೆ. ನನಗೋ, ಸಾಕ್ಷಿ ಎರಡು ಕಡೆ ತಪ್ಪಿದರೆ ಮಿಕ್ಕದ್ದನ್ನೂ ತಿರುವಿ ನೋಡುವ ಚಟ. ಮೀಸೆ ಇನ್ನೂ ಬಲಿಯದವನು ಬಾಲ್ಯದ ನೆನಪು ಬರೆಯುವುದೇ ಎಂದು ನಗುವವರಿದ್ದಾರೆ. ಮುದುಕನಾಗುವವರೆಗೆ ಕಾದರೆ ನಾನೂ ಗಂಟಲು ಕಟ್ಟಿಸಿಕೊಂಡೇ ಹೇಳಿಯೇನು ಎಂಬ ಅಂಜಿಕೆಯಿಂದ ಈಗಲೇ ಬರೆಯುತ್ತಿದ್ದೇನೆ.

ಕುರುಗೋಡಿನ ನಮ್ಮ ಮನೆ ಮಣ್ಣಿನ ಮಾಳಿಗೆಯದು. ತಲೆಬಾಗಿಲು ದಾಟಿದರೆ ಮೊದಲು ಎತ್ತುಗಳು, ಆಮೇಲೆ ಮನುಷ್ಯರು. ಕೊಟ್ಟಿಗೆಗಿಂತ ತುಸು ಎತ್ತರದಲ್ಲಿ ಪಡಸಾಲೆ, ಅದರ ಹಿಂದೆ ನಡುಮನೆ, ಅದರ ಒಂದು ಮಗ್ಗುಲಿಗೆ ಅಡುಗೆ ಮನೆ, ಇನ್ನೊಂದು ಮಗ್ಗುಲಿಗೆ ಲಿಂಗಪೂಜೆಯ ಕೋಣೆ. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ ಮಾತ್ರ. ಬೇಸಗೆಯ ಮಧ್ಯಾಹ್ನ ಪಡಸಾಲೆಯಲ್ಲಿ ಅಂಗಾತ ಮಲಗಿದರೆ ಕಾಣುತ್ತಿದ್ದದ್ದು ತೊಲೆಗಳ ಮೇಲೆ ಒತ್ತಾಗಿ ಹಾಸಿದ ಬಿದಿರು ಗಳಗಳು. ಅವುಗಳ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು. ಒಲೆಯ ಹೊಗೆ ಕುಡಿದು ಕುಡಿದು ಆ ಗಳಗಳು ಎಣ್ಣೆ ಸವರಿದ ಹಾಗೆ ಕಪ್ಪಾಗಿದ್ದವು, ಹುಳು ಹತ್ತಿರ ಸುಳಿಯುತ್ತಿರಲಿಲ್ಲ. ತಲೆಯ ಮೇಲಿದ್ದದ್ದು ಬಿದಿರಾದರೆ ಕೈಯಲ್ಲಿದ್ದದ್ದೂ ಬಿದಿರೇ: ಅಜ್ಜಿ ಒಲೆ ಊದುವ ಕೊಳವೆ, ಜೋಳ ಕೇರುವ ಮೊರ, ಸೆಗಣಿ ಬಳಿದು ಕಾಳು ತುಂಬಿಟ್ಟ ಆಳೆತ್ತರದ ಕಣಜ, ಮಾಳಿಗೆ ಹತ್ತುವ ಏಣಿ, ಬಿತ್ತುವಾಗ ಕೂರಿಗೆಯಿಂದ ಸಾಲಿಗೆ ಕಾಳಿಳಿಸುವ ಕೊಳವೆಗಳು. ನಾನು ಹುಟ್ಟಿದ ಕೂಡಲೇ ನನ್ನನ್ನು ಮಲಗಿಸಿದ್ದೂ ಒಂದು ಮೊರದಲ್ಲಿಯೇ ಎಂದು ಹೇಳುತ್ತಾರೆ. ಅದಕ್ಕೆ ನಾನು ಸಾಕ್ಷಿಯಲ್ಲ.

ಅಪ್ಪ ಅವ್ವ ಹೊಲಗೆಲಸದಲ್ಲಿ ಮುಳುಗಿದ್ದವರು. ಮನೆ ನಡೆಯುತ್ತಿದ್ದದ್ದು ತಾತ ಅಜ್ಜಿಯರ ಜಗಳದ ಮೇಲೆ. ತಾತ ಮಲ್ಲಪ್ಪ ಸುತ್ತಿನ ಊರುಗಳಿಗೆ ನ್ಯಾಯ ಹೇಳುತ್ತಿದ್ದವನು. ಸುಳ್ಳಾಡುವುದಿಲ್ಲ ಎಂಬ ಒಂದೇ ಹೆಸರಿನ ಮೇಲೆ ಅವನ ಮಾತು ಓಡುತ್ತಿತ್ತು. ಆ ಗುಣವನ್ನು ಅವನು ಪಡಸಾಲೆಯಲ್ಲಿ ಬಿಟ್ಟು ಊಟಕ್ಕೆ ಬರುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತವರು ಏನು ಕೇಳಿದರೂ ಕಾರಣ ಹೇಳಬೇಕು.

"ತಾತಾ, ನಂಗ ಇನ್ನಷ್ಟು ಬೆಣ್ಣಿ."

"ಯಾಕ?"

"ರೊಟ್ಟಿ ಒಣಗೈತಿ."

"ಒಣಗಿದ್ರ ಸಾರು ಐತಲ್ಲ."

"ಸಾರು ಖಾರ ಐತಿ."

"ಖಾರಕ್ಕ ಬೆಣ್ಣಿಯೋ, ಒಣ ರೊಟ್ಟಿಗೆ ಬೆಣ್ಣಿಯೋ? ಮಾತು ಹೊಳ್ಳಿಸಿದವನ ಸಾಕ್ಷಿ ನಡಿಯಂಗಿಲ್ಲಲೇ ಬಸ್ಯಾ."

"ಕೂಸಿನ ಬಾಯಾಗ ಬೆಣ್ಣಿ ಇಡಾಕೂ ಪಂಚಾಯ್ತಿ ಕೂಡಸ್ತೀರಲ್ರೀ, ನಿಮಗ ಬ್ಯಾರೆ ಉದ್ಯೋಗ ಇಲ್ಲೇನು?" ಎಂದು ಅಜ್ಜಿ ನನ್ನ ತಟ್ಟೆಗೆ ದೊಡ್ಡ ಉಂಡೆಯನ್ನೇ ಹಾಕಿಬಿಡುತ್ತಿದ್ದಳು. ಬೆಣ್ಣೆ ಸಿಕ್ಕಿತು, ಆದರೆ ವಾದ ಸೋತೆ ಎಂಬ ಉರಿ ಉಳಿಯುತ್ತಿತ್ತು. ಬಳ್ಳಾರಿಯ ಸಾಲೆಯ ಚರ್ಚಾಕೂಟದಲ್ಲಿ ಈಗ ನನ್ನ ನಾಲಿಗೆಗೆ ಹೆದರುವವರು ಇದ್ದಾರೆ. ಅವರು ಹೆದರಬೇಕಾದ್ದು ಆ ಊಟದ ಸಾಲಿಗೆ.

ತೋಟ ಊರ ಹೊರಗೆ, ಎರಡು ಬಂಡೆಗುಡ್ಡಗಳ ನಡುವಿನ ತಗ್ಗಿನಲ್ಲಿತ್ತು. ಅಲ್ಲೊಂದು ಒರತೆ, ಒರತೆಯ ದಂಡೆಗೆ ಮೆಳೆ. ಮುಳ್ಳುಬಿದಿರನ್ನು ಹತ್ತಿರದಿಂದ ನೋಡದವರು ಅದನ್ನು ಕೊಳಲಿಗೋ ಕೋಲಿಗೋ ಹೋಲಿಸಿ ಸುಮ್ಮನಾಗುತ್ತಾರೆ. ಅದು ಒಂದು ಕೋಟೆ. ಗಿಣ್ಣು ಗಿಣ್ಣಿಗೆ ಮೂರು ಮುಳ್ಳು, ನಡುವಿನದು ಉದ್ದ, ಮಗ್ಗುಲಿನವು ಗಿಡ್ಡ, ಮೂರೂ ತುಸು ಕೊಕ್ಕೆಯಂತೆ ಬಾಗಿದವು. ಒಳಗೆ ಹೋಗುವಾಗ ಬಿಡುತ್ತವೆ, ಹೊರಗೆ ಬರುವಾಗ ಹಿಡಿಯುತ್ತವೆ. ಬುಡದ ಕೊಂಬೆಗಳಲ್ಲಿ ಎಲೆಯೇ ಇರುವುದಿಲ್ಲ, ಬರೀ ತಂತಿಯಂಥ ಮುಳ್ಳುಕಡ್ಡಿಗಳು ಒಂದಕ್ಕೊಂದು ಹೆಣೆದು ಮೊಲವೂ ನುಸುಳದ ಹಾಗೆ ಬೇಲಿ ಕಟ್ಟಿರುತ್ತವೆ. ಹೊಸ ಗಳ ಹುಟ್ಟುವುದು ಮೆಳೆಯ ಅಂಚಿನಲ್ಲಿ, ಬಲಿತದ್ದು ಇರುವುದು ನಡುವೆ. ಹಾಗಾಗಿ ಬೇಕಾದದ್ದು ಯಾವಾಗಲೂ ಕೈಗೆ ಸಿಗದ ಕಡೆ ಇರುತ್ತದೆ. ಒಂದು ಮಗ್ಗುಲಿನಲ್ಲಿ ದಾರಿ ಕೊರೆದು, ಬಗ್ಗಿ ಒಳಹೊಕ್ಕು ಕಡಿಯಬೇಕು. ಇನ್ನೊಂದು ವಿಚಿತ್ರ: ಮರದಂತೆ ಇದು ವರ್ಷ ವರ್ಷ ದಪ್ಪವಾಗುವುದಿಲ್ಲ. ಮಳೆ ಬಿದ್ದು ನೆಲ ಒಡೆದು ಬರುವಾಗಲೇ ಎಷ್ಟು ದಪ್ಪವೋ ಅಷ್ಟೇ. ಆಮೇಲೆ ಒಂದೇ ಮಳೆಗಾಲದಲ್ಲಿ ಏರಬೇಕಾದಷ್ಟು ಏರಿಬಿಡುತ್ತದೆ, ಮುಂದಿನ ವರ್ಷಗಳಲ್ಲಿ ಬರೀ ಗಟ್ಟಿಯಾಗುತ್ತದೆ.

ಕಡಿಯುವುದು ಕತ್ತಲ ಪಕ್ಷದಲ್ಲಿಯೇ, ಬೆಳದಿಂಗಳಲ್ಲಿ ಕಡಿದರೆ ಕುಟ್ಟೆಹುಳು ಹತ್ತುತ್ತದೆ ಎಂಬುದು ತಾತನ ಕಟ್ಟಳೆ. ಯಾಕೆ ಅಂದರೆ ಚಂದ್ರ ನೀರೆಳೆಯುತ್ತಾನೆ ಅಂದ. ನಾನು ಎರಡು ಪಕ್ಷದಲ್ಲೂ ಒಂದೊಂದು ಕೋಲು ಕಡಿದು ಗುರುತು ಹಾಕಿ ಕೊಟ್ಟಿಗೆಯ ಮೂಲೆಗಿಟ್ಟೆ. ಎರಡನ್ನೂ ಹುಳು ತಿಂದಿತು. ಗೆದ್ದೆನೆಂದು ಓಡಿ ಬಂದು ತೋರಿಸಿದರೆ ತಾತ ಎರಡನ್ನೂ ಉಗುರಿನಿಂದ ಗೀರಿ ನೋಡಿ, "ಎರಡೂ ಎಳೇವು, ಎಳೇದಕ್ಕ ಯಾವ ಪಕ್ಷನೂ ಕಾಯಂಗಿಲ್ಲ" ಅಂದ. ಒಪ್ಪಬೇಕಾದ ಜವಾಬು, ಒಪ್ಪಿದೆ.

ಮಳೆಗಾಲದ ಮೊದಲಲ್ಲಿ ಮನೆಯಲ್ಲಿ ಒಂದು ಖಾಯಂ ಜಗಳ. ನೆಲದಿಂದ ಮೊಳೆತು ಬರುವ ಕಳಲೆ ಅಜ್ಜಿಗೆ ಪಲ್ಯಕ್ಕೆ ಬೇಕು, ತಾತನಿಗೆ ಗಳಕ್ಕೆ ಬೇಕು. ಬಾಯಿಗೋ ಮಾಳಿಗೆಗೋ ಎಂದು ಇಬ್ಬರೂ ಹಟ ಹಿಡಿದು, ಕೊನೆಗೆ ದನ ತುಳಿಯುವ ಕಡೆ ಎದ್ದವನ್ನು ಮಾತ್ರ ಕೊಯ್ಯಬಹುದು ಎಂದು ಒಪ್ಪಂದ. ಕಳಲೆಯ ಮೇಲಿನ ಹಾಳೆಯ ಕಂದು ರೋಮ ಮೈಗೆ ತಗುಲಿದರೆ ತುರಿಕೆ, ಹಸಿಯಾಗಿ ತಿಂದರೆ ವಿಷ. ಹೆಚ್ಚಿ ನೀರಿನಲ್ಲಿಟ್ಟು ದಿನಾ ನೀರು ಬದಲಿಸಿ, ಕಹಿ ಪೂರ್ತಿ ಬಿಟ್ಟ ಮೇಲೆ ಬೇಯಿಸಿ ಒಗ್ಗರಣೆ ಹಾಕಿದರೆ ಜೋಳದ ರೊಟ್ಟಿಗೆ ಅದರಂಥದು ಇನ್ನೊಂದಿಲ್ಲ. ಒಣ ಗಳ ತಂದಾಗ ಅಜ್ಜಿ ಪ್ರತಿಯೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಒಳಗೆ ಗಿಲಿಗಿಲಿ ಅಂದರೆ ಒಡೆದು, ಸೀಮೆಸುಣ್ಣದಂಥ ಬಿಳಿ ಚೂರುಗಳನ್ನು ಆರಿಸಿ ಡಬ್ಬಿಗೆ ಹಾಕುತ್ತಿದ್ದಳು. ಅದೇ ವಂಶಲೋಚನ. ನಾಲಿಗೆಗೆ ಮುಟ್ಟಿಸಿದರೆ ಅಂಟಿಕೊಳ್ಳುತ್ತದೆ. ಕೆಮ್ಮಿದವರಿಗೆಲ್ಲ ಅದನ್ನು ಅರೆದು ಜೇನಿನಲ್ಲಿ ನೆಕ್ಕಿಸುತ್ತಿದ್ದಳು. ಕೆಮ್ಮು ಹೋಗುತ್ತಿತ್ತು. ಜೇನಿಗೆ ಹೋಯಿತೋ ಆ ಚೂರಿಗೆ ಹೋಯಿತೋ ಎಂದು ಕೇಳಿದ್ದಕ್ಕೆ, ಮುಂದಿನ ಸಲ ಜೇನಿಲ್ಲದೆ ನೆಕ್ಕಿಸಿದಳು. ಆ ಪ್ರಶ್ನೆ ನಾನು ಮತ್ತೆ ಕೇಳಲಿಲ್ಲ.

ಈ ಮನೆಗೆ ಇನ್ನೊಂದು ರೂಢಿ ಇತ್ತು. ಹೆಣ್ಣುಮಗಳನ್ನು ಗಂಡನ ಮನೆಗೆ ನಡೆಸುವಾಗ ಮೆಳೆಯ ಒಂದು ಗಡ್ಡೆಯನ್ನೂ ಜೊತೆಗೆ ಕಳಿಸುವುದು. ಹಿಂದಿನ ವರ್ಷ ಎದ್ದ ಒಂದು ಗಳವನ್ನು ಬೇರುಗಡ್ಡೆ ಸಮೇತ ಅಗೆದು, ಗಳವನ್ನು ಎದೆಮಟ್ಟಕ್ಕೆ ಕತ್ತರಿಸಿ, ಕತ್ತರಿಸಿದ ಬಾಯಿಗೆ ಸೆಗಣಿ ಮೆತ್ತಿ, ಒದ್ದೆ ಗೋಣಿಯಲ್ಲಿ ಸುತ್ತಿ ಬಂಡಿಗೆ ಹಾಕುತ್ತಿದ್ದರು. ಹೋದ ಮನೆಯಲ್ಲಿ ತವರಿನ ನೆರಳೂ ಇರಲಿ ಎಂದು ಅಜ್ಜಿಯ ವಿವರಣೆ. ಬೀಗರಿಗೆ ವರ್ಷ ವರ್ಷ ಗಳ ಕೊಡುವುದು ತಪ್ಪುತ್ತದೆ ಎಂದು ತಾತನ ವಿವರಣೆ. ಗಂಗವ್ವತ್ತೆಯ ಗಡ್ಡೆ ಸಿರುಗುಪ್ಪಕ್ಕೆ ಹೋಯಿತು. ಅವಳ ಗಂಡ ಚನ್ನಪ್ಪನ ಮನೆಯವರು ಕಾಲುವೆ ನೀರಿನ ಭತ್ತದ ಗದ್ದೆಯವರು. ಕಾಲುವೆಯ ದಂಡೆಯಲ್ಲಿ ಅವರದೇ ಹಳೆಯ ಬಿದಿರು ಮೆಳೆ ಇತ್ತು, ಅದರ ಪಕ್ಕದಲ್ಲೇ ಇದನ್ನೂ ನೆಟ್ಟರು. "ಸೊಸಿ ಬೇಲಿ ಸಮೇತ ಬಂದಾಳ" ಎಂದು ಅವಳ ಅತ್ತೆ ನಕ್ಕಳಂತೆ. ಆರು ವರ್ಷವಾದರೂ ಗಂಗವ್ವತ್ತೆಗೆ ಮಕ್ಕಳಾಗಲಿಲ್ಲ. ಆ ಮನೆಯಲ್ಲಿ ನಗು ನಿಂತದ್ದು ಬಿದಿರಿಗೂ ಮೊದಲೇ.

ನನಗೆ ಹತ್ತು ತುಂಬಿದ ಸುಮಾರಿಗೆ ಒಂದು ಬೇಸಗೆಯಲ್ಲಿ ನಮ್ಮ ಮೆಳೆ ಹೂ ಬಿಟ್ಟಿತು. ಹೂವೆಂದರೆ ಯಾರೂ ಹೂವೆನ್ನಲಾರದ ಹೂವು. ಎಲೆ ಪೂರ್ತಿ ಉದುರಿ, ಬರಿಯ ಕೊಂಬೆಗಳ ಗಿಣ್ಣು ಗಿಣ್ಣಿಗೆ ಹೊಟ್ಟಿನ ಉಂಡೆಯಂಥ ಗೊಂಚಲು, ಅದರಿಂದ ಇಳಿಬಿದ್ದ ಹಳದಿ ದಾರದಂಥ ಎಳೆಗಳು. ಮುಳ್ಳುಬಿದಿರು ಬೇಸಗೆಯಲ್ಲಿ ಹೇಗೂ ಎಲೆ ಉದುರಿಸುತ್ತದೆ, ದೂರದಿಂದ ನೋಡಿದವರಿಗೆ ಬಿಸಿಲಿಗೆ ಒಣಗಿದ ಮೆಳೆ ಅಷ್ಟೇ. ಅಜ್ಜಿಗೆ ತಿಳಿದದ್ದು ಸೀರೆಯ ಅಂಚಿಗೆ ಸಿಕ್ಕಿ ಬಂದ ಕಾಳಿನಿಂದ. ಸಣ್ಣ ಗೋದಿಯಂತೆ, ನಡುವೆ ಗೀರಿನ ಕಾಳು. ಮರುದಿನ ಮೆಳೆಯ ಬುಡಕ್ಕೆ ಹಳೆಯ ಕಂಬಳಿಗಳನ್ನು ಹಾಸಿ ಬಂದಳು. ಹೀಗೆ ಮನೆಗೆ ಬಿದಿರಕ್ಕಿ ಬಂತು. ಕುಟ್ಟಿ ಕೇರಿ ಬೇಯಿಸಿದರೆ ಅಕ್ಕಿಗಿಂತ ಒರಟು, ನವಣೆಗಿಂತ ಸಿಹಿ. ಈ ಬಿದಿರು ಮನುಷ್ಯನ ಆಯುಷ್ಯದಲ್ಲಿ ಒಮ್ಮೆ ಹೂ ಬಿಟ್ಟು, ಕಾಳು ಉದುರಿಸಿ, ಇಡೀ ಮೆಳೆಯೇ ಸತ್ತುಹೋಗುತ್ತದೆ. ಒಮ್ಮೆ ಕಂಡವರು ಮತ್ತೆ ಕಂಡು ಹೋಲಿಸಲು ಉಳಿದಿರುವುದಿಲ್ಲ. ಇದರ ಸುತ್ತ ಅಷ್ಟು ಹೆದರಿಕೆ ಬೆಳೆದದ್ದು ಅದಕ್ಕೇ ಇರಬೇಕು.

ಅದೇ ಬೇಸಗೆಯಲ್ಲಿ ಗಂಗವ್ವತ್ತೆ ಬಂದಳು. ಅವಳ ಮೈದುನ ಬಂಡಿಯಿಂದ ಇಳಿದು ನೀರೂ ಕುಡಿಯದೆ ಅವಳನ್ನೂ ಪೆಟ್ಟಿಗೆಯನ್ನೂ ಬಾಗಿಲಿಗಿಳಿಸಿ ಬಂಡಿ ತಿರುಗಿಸಿದ. ಅವಳು ಕಾಲು ತೊಳೆದು ನೇರ ಅಡುಗೆ ಮನೆಗೆ ಹೋಗಿ ಒಲೆಯ ಮುಂದೆ ಕೂತಳು. ನಾನು ಹಿಂದೆಯೇ ಹೋದೆ.

"ಏನಂದ್ರವ್ವ ಅವರು?" ಅಜ್ಜಿ ಕೇಳಿದಳು.

"ಏನಂತಾರ. ಆರು ವರ್ಸದ ಮೆಳಿ ಹೂ ಬಿಟ್ಟೈತಿ, ಹಾಲು ಕುಡಿಯೋ ಕೂಸಿಗೆ ಗಡ್ಡ ಬಂದಂಗ ಆತು ಅಂದ್ರು. ಪಕ್ಕದಾಗ ಅವರ ಮುತ್ತಾತನ ಕಾಲದ ಮೆಳಿ ಹಸರಾಗಿ ನಿಂತೈತಿ, ನಿನ್ನ ಜೋಡಿ ಬಂದದ್ದ ಯಾಕ ಒಣಗತೈತಿ ಅಂದ್ರು."

"ನೀ ಏನಂದಿ?"

"ಒಣಗಿದ್ದು ಗಿಡ, ನಾನಲ್ಲ ಅಂದೆ. ಬಾಯಿ ಜಾಸ್ತಿ ಅಂದ್ರು."

"ಅಷ್ಟಕ್ಕ ಕಳಿಸಿಬಿಟ್ರ?"

"ಇಲಿ ಬ್ಯಾರೆ ಬಂದಾವು. ಉದುರಿದ ಬಿದಿರಕ್ಕಿ ತಿಂದು ಮುಗಿಸಿ ಭತ್ತದ ಕಣಜಕ್ಕ ಬಾಯಿ ಹಾಕ್ಯಾವು. ಅತ್ತಿ ಇಲಿಗೂ ಗಂಗೀ ಗಂಗೀ ಅಂತಾಳ." ಅವಳು ನಕ್ಕು ಇನ್ನೊಂದು ರೊಟ್ಟಿಗೆ ಕೈ ಚಾಚಿದಳು. ಆಮೇಲೆ ಮೊರದಲ್ಲಿದ್ದ ಕಾಳು ಅವಳ ಕಣ್ಣಿಗೆ ಬಿತ್ತು. ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ನೋಡಿದಳು.

"ಅವ್ವಾ, ನಮ್ಮದೂ?"

"ನಮ್ಮದೂ" ಅಂದಳು ಅಜ್ಜಿ.

ಅತ್ತೆ ಹೊಟ್ಟೆ ತುಂಬ ಉಂಡು ಮರುದಿನ ಬಿಸಿಲೇರುವವರೆಗೆ ಮಲಗಿದಳು. ದುಃಖಕ್ಕೆ ಮೈಮೇಲೆ ಖಬರಿಲ್ಲ ಎಂದು ಅಜ್ಜಿ ನೆರೆಯವರಿಗೆ ಹೇಳಿದಳು. ನನಗೆ ಕಂಡದ್ದು, ಬಹಳ ದಿನದ ಮೇಲೆ ನಿದ್ದೆ ಸಿಕ್ಕವರ ಹಾಗೆ ಮಲಗಿದ್ದ ಒಬ್ಬ ಹೆಂಗಸು.

ಇಲ್ಲಿ ಸ್ವಲ್ಪ ನಿಂತು ಸಿರುಗುಪ್ಪದವರ ಪಕ್ಷವನ್ನೂ ಹೇಳಬೇಕು. ಇಲಿ ಸುಳ್ಳಲ್ಲ, ಭತ್ತ ಹೋದದ್ದೂ ಸುಳ್ಳಲ್ಲ. ಹೂವಿಗೂ ನಷ್ಟಕ್ಕೂ ಸಂಬಂಧವೇ ಇಲ್ಲ ಎಂದು ವಾದಿಸುವವನು ಇಲಿಯನ್ನು ಮುಚ್ಚಿಡಬೇಕಾಗುತ್ತದೆ. ಅವರು ತಪ್ಪಿದ್ದು ಲೆಕ್ಕ ಶುರುಮಾಡಿದ ಜಾಗದಲ್ಲಿ. ನೆಟ್ಟ ದಿನದಿಂದ ಮೆಳೆಯ ವಯಸ್ಸು ಎಣಿಸಿದರು. ಗಡ್ಡೆಯಿಂದ ನೆಟ್ಟದ್ದು ಹೊಸ ಗಿಡವಲ್ಲ, ಹಳೆಯದರ ಮೈಯ ತುಂಡು. ಅದಕ್ಕೆ ತಾಯಿ ಮೆಳೆಯ ವಯಸ್ಸೇ ವಯಸ್ಸು. ಕುರುಗೋಡಿನದು ಹೂ ಬಿಡುವ ಕಾಲಕ್ಕೆ ಸಿರುಗುಪ್ಪದ್ದೂ ಬಿಡುತ್ತದೆ, ಹಚ್ಚೊಳ್ಳಿಯಂಥ ಬೇರೆ ಊರಿಗೆ ಒಯ್ದಿದ್ದರೆ ಅಲ್ಲಿಯೂ ಬಿಡುತ್ತಿತ್ತು. ಪಕ್ಕದ ಮೆಳೆ ಬೇರೆ ಬೀಜದ್ದು, ಅದರ ಗಡಿಯಾರ ಬೇರೆ. ಇದನ್ನು ಅವರಿಗೆ ನಂಬಿಸಲು ಪುಸ್ತಕ ಬೇಕಿರಲಿಲ್ಲ. ಅವರನ್ನು ನಮ್ಮ ತೋಟಕ್ಕೆ ಕರೆದೊಯ್ದು ಬೆರಳು ತೋರಿಸಿದ್ದರೆ ಸಾಕಿತ್ತು.

ಕೆಲವು ದಿನಗಳ ಮೇಲೆ ಸುದ್ದಿ ಬಂತು. ಮೋಕದ ಶಿವಪ್ಪನವರು, ಎರಡೂ ಮನೆಗೆ ಬೇಕಾದ ಹಿರಿಯರು, ಬೀಗರನ್ನೂ ಚನ್ನಪ್ಪನನ್ನೂ ಕರೆದುಕೊಂಡು ಬರುತ್ತಾರೆ, ಕೂತು ಮಾತಾಡಿ ಹುಡುಗಿಯನ್ನು ಕರೆದೊಯ್ಯುವುದೋ ಬಿಡುವುದೋ ತೀರ್ಮಾನಿಸೋಣ ಎಂದು. ಆ ಮಧ್ಯಾಹ್ನ ಪಡಸಾಲೆಯಲ್ಲಿ ತಾತನ ಮಗ್ಗುಲಿಗೆ ಕಣ್ಣು ಮುಚ್ಚಿ ಮಲಗಿದ್ದೆ. ಅಜ್ಜಿ ಬಂದು ಕಂಬಕ್ಕೊರಗಿ ಕೂತಳು.

"ಏನ್ರಿ, ನಮ್ಮದೂ ಹೂ ಬಿಟ್ಟೈತಿ ಅಂತ ಹೇಳಿಬಿಡ್ರಿ. ತೋಟಕ್ಕ ಕರಕೊಂಡು ಹೋಗಿ ತೋರಿಸ್ರಿ. ಒಂದ ಗಡ್ಡೀದು ಎರಡು ಮೆಳಿ, ಎರಡೂ ಒಮ್ಮೆ ಬಿಟ್ಟಾವು. ಇದರಾಗ ಹುಡುಗೀದು ಏನು ತಪ್ಪೈತಿ?"

"ಹುಡುಗೀದು ತಪ್ಪಿಲ್ಲ ಅಂತ ಆಗತೈತಿ."

"ಮತ್ತ?"

"ಮನೀದು ತಪ್ಪು ಅಂತ ಆಗತೈತಿ. ಈ ಮನಿಯಿಂದ ಬಂದದ್ದೆಲ್ಲ ಹಿಂಗ ಅಂತ ಊರೂರಿಗೆ ಹೇಳ್ತಾರ. ನೀಲವ್ವನ್ನ ನೋಡಾಕ ಬಳ್ಳಾರಿಯವರು ಬರೋರದಾರ. ಆಮ್ಯಾಲೆ ಬಂದಾರೇನು?"

ನೀಲವ್ವ ನನ್ನ ಚಿಕ್ಕ ಸೋದರತ್ತೆ. ಅವಳಿಗೆ ಆಗ ಬಳ್ಳಾರಿಯ ಜವಳಿ ಅಂಗಡಿಯವರ ಕಡೆಯಿಂದ ಮಾತು ನಡೆದಿತ್ತು.

"ಹಂಗಂತ ದೊಡ್ಡಾಕೀನ್ನ ಕೈ ಬಿಡ್ತೀರೇನು?"

"ಬಿಡ್ತೀನಿ ಅಂದ್ನೇನು? ಸುಮ್ಮನಿರು. ನೋಡೋಣು."

ತಾತ ಆ ಸಂಜೆ ಒಬ್ಬನೇ ತೋಟಕ್ಕೆ ಹೋದ. ಮರುದಿನ ಬೆಳಿಗ್ಗೆ ಮೇದಾರ ಸಂಸಾರವೊಂದು ಕೊಡಲಿ ಹಿಡಿದು ಬಂತು. ಇಡೀ ಮೆಳೆ ನಿಮ್ಮದೇ, ಹೊತ್ತುಕೊಂಡು ಹೋಗಿ ಎಂದ ತಾತ. ಹೂ ಬಿಟ್ಟ ಗಳ ಬುಟ್ಟಿಗೆ ಬರುವುದಿಲ್ಲ, ಸೀಳಿದರೆ ಚೂರಾಗುತ್ತದೆ. ಅವರಿಗದು ಗೊತ್ತಿತ್ತು, ಕೇಳದೆ ಒಯ್ದರು, ಎಲ್ಲಿಯೂ ಹೇಳಲಿಲ್ಲ. ಮುಳ್ಳುಕಂಟಿಗೆ ಬೆಂಕಿ ಇಟ್ಟರು. ಈಗ ನಮ್ಮವರ ಕಥೆಯನ್ನು ಪಕ್ಕಕ್ಕಿಟ್ಟು ನೋಡಿ. ಮಗಳು ಬಂದ ದಿನ ಕಡಿಸಿದ್ದರೆ ಅದು ಸಂಕಟ ಎನ್ನಬಹುದು. ಕಡಿಸಿದ್ದು ಬೀಗರು ಬರುವ ಸುದ್ದಿ ಬಂದ ಮೇಲೆ. ಸುಮ್ಮನೆ ಬಿಟ್ಟಿದ್ದರೂ ಆ ಮೆಳೆ ಸಾಯುತ್ತಿತ್ತು. ಸಾಯಲಿರುವುದಕ್ಕೆ ಕೊಡಲಿ ಯಾಕೆ? ಸಾಕ್ಷಿ ಉಳಿಯಬಾರದು ಎಂದು. ಬಹಳ ವರ್ಷ ನನಗೆ ಇಷ್ಟು ತಿಳಿದದ್ದೇ ದೊಡ್ಡದೆನಿಸಿತ್ತು.

ಬೀಗರು ಬಂದ ದಿನ ಅಡುಗೆ ಮನೆಯಲ್ಲಿ ಗಂಗವ್ವತ್ತೆ ಒಲೆಯ ಮೇಲೆ ಬಿದಿರಕ್ಕಿ ಇಟ್ಟಿದ್ದಳು, ಮನೆಯವರ ಮಧ್ಯಾಹ್ನದ ಊಟಕ್ಕೆ. ಬೀದಿಯ ತುದಿಯಲ್ಲಿ ಬಂಡಿಯೆತ್ತಿನ ಗೆಜ್ಜೆ ಕೇಳಿದ್ದೇ ತಡ, ಅವಳು ಕುದಿಯುವ ಗಡಿಗೆಯನ್ನು ಸೆರಗಿನಲ್ಲಿ ಹಿಡಿದು ಇಳಿಸಿ ಬಚ್ಚಲ ಹಿಂದೆ ಇಟ್ಟು ಬುಟ್ಟಿ ಕವುಚಿದಳು, ಬೇರೆ ಅಕ್ಕಿ ತೊಳೆದು ಹಾಕಿದಳು. "ಯಾಕತ್ತೀ?" ಅಂದೆ. "ಬಂದವರಿಗೆ ಇದು ರುಚಿ ಹತ್ತಂಗಿಲ್ಲಲೇ" ಅಂದಳು. ತಂದೆಯ ಮಾತಿಗೆ ತಲೆಬಾಗಿ ಹಾಗೆ ಮಾಡಿದಳು ಎಂದು ನಾನು ಲೆಕ್ಕ ಹಾಕಿಕೊಂಡೆ.

ಪಡಸಾಲೆಯಲ್ಲಿ ಕುಶಲ ಮುಗಿದ ಮೇಲೆ ಶಿವಪ್ಪನವರು ನಸ್ಯ ಏರಿಸಿ, ಮೂಗೊರೆಸಿಕೊಂಡು, ಮಾತು ತೆಗೆದರು.

"ಮಲ್ಲಪ್ಪ, ಆ ಗಡ್ಡಿ ನಿನ್ನ ತೋಟದ್ದಲ್ಲೇನು? ನಿನ್ನ ಮೆಳಿ ಹೆಂಗೈತಿ ಹೇಳು. ಅದೂ ಹೂ ಬಿಟ್ಟಿದ್ರ ಇದು ಗಿಡದ ಗುಣ, ಹುಡುಗೀದಲ್ಲ ಅಂತ ನಾನ ಹೇಳಿ ಮುಗಿಸ್ತೀನಿ. ಹುಡುಗಿ ಇವತ್ತ ಬಂಡಿ ಹತ್ತಲಿ."

"ಹೌದ್ರಿ ಬೀಗ್ರ, ಅದನ್ನ ಹೇಳ್ರಿ. ನೀವು ಹೇಳಿದ್ರ ನಂಬ್ತೀವಿ" ಅಂದರು ಚನ್ನಪ್ಪನ ತಂದೆ. ಚನ್ನಪ್ಪ ಮಾವ ಚಾಪೆಯ ಕಡ್ಡಿ ಕೀಳುತ್ತ ಕೂತಿದ್ದ.

"ಮೆಳಿ ಕಡಿಸೀನಿ" ಅಂದ ತಾತ. "ಕೊಟ್ಟಿಗಿ ಮಾಳಿಗಿ ಹೊಸದು ಹಾಕಸಬೇಕಾಗಿತ್ತು."

"ಕಡಿಸೋ ಮುಂದ ಹೂ ಇತ್ತೇನು?"

"ಇಲ್ಲ."

ಇದೊಂದೇ ಮಾತು. ಬಾಗಿಲ ಹಿಂದೆ ಅಜ್ಜಿ ಸೆರಗನ್ನು ಬಾಯಿಗೊತ್ತಿ ನಿಂತಿದ್ದಳು. ಗಂಗವ್ವತ್ತೆ ಅವಳ ಹಿಂದೆ ಸಾರಿಗೆ ಒಗ್ಗರಣೆ ಕೊಡುತ್ತಿದ್ದಳು, ಸೌಟಿನ ಸದ್ದು ನಿಲ್ಲಲಿಲ್ಲ. ಶಿವಪ್ಪನವರು ತಾತನ ಮುಖವನ್ನು ತುಸು ಹೊತ್ತು ನೋಡಿ, "ಹಂಗಾದ್ರ ನಾ ಏನು ಹೇಳಾಕ ಬರತೈತಿ" ಎಂದು ಎದ್ದು ಕೈ ತೊಳೆಯಲು ಹೋದರು. ಎಲ್ಲರೂ ಉಂಡರು. ಬಂಡಿ ಅತ್ತೆಯಿಲ್ಲದೆಯೇ ಹೋಯಿತು. ಮುಂದೆ ಚನ್ನಪ್ಪ ಎರಡನೆಯ ಮದುವೆ ಮಾಡಿಕೊಂಡ. ನೀಲವ್ವತ್ತೆಯ ಮದುವೆ ಬಳ್ಳಾರಿಗೆ ಆಯಿತು. ಅಜ್ಜಿ ಆ ಮಳೆಗಾಲವಿಡೀ ತಾತನಿಗೆ ಹೊತ್ತು ಹೊತ್ತಿಗೆ ಬಡಿಸಿದಳು, ಒಂದು ಸಲವೂ ಜಗಳ ಆಡಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ತಾತ ನ್ಯಾಯ ಹೇಳಲು ಹೋಗುವುದನ್ನು ಒಂದೊಂದೇ ಊರಿಗೆ ಕಡಿಮೆ ಮಾಡಿ, ಕೊನೆಗೆ ಬಿಟ್ಟ. ಮೊಣಕಾಲು ನೋವು ಎಂದು ಜನ ಅಂದರು.

ನಾನು ಓದಿಗೆಂದು ಬಳ್ಳಾರಿಗೆ ಹೋದಾಗ ಇದ್ದದ್ದು ನೀಲವ್ವತ್ತೆಯ ಮನೆಯಲ್ಲಿ, ಈಗಲೂ ಅಲ್ಲಿಯೇ ಇದ್ದೇನೆ. ಜವಳಿ ಅಂಗಡಿಯ ಮೇಲಿನ ಕೋಣೆ, ಹೊತ್ತಿಗೆ ಊಟ, ಎರಡು ಮುದ್ದಾದ ಮಕ್ಕಳು. ಅವಳಿಗೆ ಈ ಸಂಗತಿ ಏನೂ ಗೊತ್ತಿಲ್ಲ. ಸಾಲೆಯ ಚರ್ಚಾಕೂಟದಲ್ಲಿ ಒಮ್ಮೆ ಹೆಸರು ಊರು ಬದಲಿಸಿ ಈ ಪ್ರಕರಣವನ್ನೇ ವಿಷಯವಾಗಿ ಇಟ್ಟೆ: ಒಬ್ಬ ಮಗಳ ಮದುವೆ ಉಳಿಸಲು ಇನ್ನೊಬ್ಬ ಮಗಳ ಸಾಕ್ಷಿಯನ್ನು ತಂದೆ ಸುಟ್ಟರೆ ಅದು ನ್ಯಾಯವೇ? ಒಂದು ವಾರ ನ್ಯಾಯ ಎಂದು ವಾದಿಸಿದೆ. ಆದ ನಷ್ಟವನ್ನು ಎರಡು ಮಾಡಬಾರದು, ಒಡೆದದ್ದನ್ನು ಬಿಟ್ಟು ಒಡೆಯದಿರುವುದನ್ನು ಕಾಯಬೇಕು ಎಂದೆ. ಮುಂದಿನ ವಾರ ಅನ್ಯಾಯ ಎಂದು ವಾದಿಸಿದೆ. ಶಿವಪ್ಪನವರಂಥ ಹಿರಿಯರು ಬಾಗಿಲು ತೆರೆದು ಹಿಡಿದಿದ್ದರು, ಆ ಕ್ಷಣಕ್ಕೆ ಏನೂ ಒಡೆದಿರಲೇ ಇಲ್ಲ, ಒಡೆದದ್ದು ತಂದೆಯ ಒಂದು ಮಾತಿನಿಂದ ಎಂದೆ. ಎರಡು ವಾರವೂ ಚಪ್ಪಾಳೆ ಬಿತ್ತು. ಚಪ್ಪಾಳೆಯ ಯೋಗ್ಯತೆ ಎಷ್ಟು ಎಂಬುದು ಅಂದು ತಿಳಿಯಿತು. ಒಳಗೊಳಗೆ ನಾನು ಎರಡನೆಯ ಪಕ್ಷದವನೇ ಆಗಿದ್ದೆ.

ಹೋದ ಬೇಸಗೆಯ ರಜೆಯಲ್ಲಿ ಕುರುಗೋಡಿಗೆ ಹೋದಾಗ ಅದನ್ನು ಗಂಗವ್ವತ್ತೆಯ ಮುಂದೆಯೇ ಆಡಿದೆ. ತಾತ ಅಜ್ಜಿ ಇಬ್ಬರೂ ಈಗಿಲ್ಲ. ಮನೆಯ ಬೀಗದ ಕೈ ಅವಳ ಸೊಂಟದಲ್ಲಿದೆ, ಅಪ್ಪ ಕೂಡ ಎತ್ತು ಮಾರುವ ಮೊದಲು ಅವಳನ್ನು ಕೇಳುತ್ತಾನೆ. ತೋಟದಲ್ಲಿ ಆ ವರ್ಷ ಉದುರಿ ಉಳಿದ ಕಾಳಿನಿಂದ ಮೊದಲು ಗರಿಕೆಯಂತೆ ಎದ್ದ ಸಸಿಗಳು ಈಗ ಮೆಳೆಯಾಗಿ ನಿಂತಿವೆ. ಅವಳು ಒರತೆಯ ದಂಡೆಯಲ್ಲಿ ಕೂತು ಬಟ್ಟೆ ಹಿಂಡುತ್ತಿದ್ದಳು. ನಾನು ಬಂಡೆಯ ಮೇಲೆ ಕೂತು, ಬಳ್ಳಾರಿಯಲ್ಲಿ ಮಾತಾಡುವ ಹಾಗೆಯೇ, ಒಂದೊಂದಾಗಿ ಸಾಕ್ಷಿ ಜೋಡಿಸಿ, ತಾತ ನಿನ್ನ ಬಾಳು ಕೊಟ್ಟು ನೀಲತ್ತೆಯ ಬಾಳು ಕೊಂಡ ಎಂದು ಮುಗಿಸಿದೆ. ಅವಳು ಹಿಂಡಿದ ಸೀರೆಯನ್ನು ಝಾಡಿಸಿದಳು.

"ಬಳ್ಳಾರಿಯಾಗ ರೊಕ್ಕಾ ಕೊಟ್ಟು ಇದನ್ನ ಕಲೀತೀರೇನು?"

"ಖರೆ ಅಲ್ಲೇನು ಮತ್ತ?"

"ಅಪ್ಪಗ ಅಷ್ಟು ಎದಿ ಎಲ್ಲಿತ್ತೋ. ಆ ಸಂಜೀಕ ಅವನ ಹಿಂದ ನಾನೂ ಬಂದೆ. ಇಲ್ಲೇ ಕುಂತಿದ್ದ, ನೀ ಕುಂತೀಯಲ್ಲ, ಆ ಕಲ್ಲಿನ ಮ್ಯಾಲೆ. ಬೀಗರಿಗೆ ಎಲ್ಲಾ ಹೇಳಿ ನಿನ್ನ ಕಳಸ್ತೀನವ್ವಾ, ನೀಲವ್ವಗ ದೇವರದಾನ ಅಂದ. ನಾನ ಬ್ಯಾಡ ಅಂದೆ. ಕಡಿಸಿಬಿಡು, ಶಿವಪ್ಪ ಕೇಳಿದ್ರ ಇಲ್ಲ ಅನ್ನು ಅಂದೆ. ನಂಗ ಸುಳ್ಳು ಹೇಳಿ ರೂಢಿ ಇಲ್ಲ ಅಂದ. ಒಂದ ಮಾತು ಐತಿ, ಕಲ್ತುಕೋ ಅಂದೆ. ಅಳತಿದ್ದ ಮುದುಕ."

ನಾನು ಆ ಬಂಡೆಯಿಂದ ಕೆಳಗಿಳಿದೆ.

"ಊರವರು ಎಲ್ಲಾ ಅಪ್ಪನ ಹೆಸರಿಗೆ ಹಚ್ಚಿದ್ರು" ಎಂದಳು. "ಹೋಗಲಿ, ಅವರಿಗೇನು ಗೊತ್ತು. ನೀ ಇಷ್ಟು ವಾದ ಕಲ್ತಾವ, ನೀನೂ ಅಲ್ಲೇ ಹಚ್ಚಿದ್ಯಲ್ಲೋ."

ಅವಳು ಬುಟ್ಟಿಯನ್ನು ಸೊಂಟಕ್ಕೇರಿಸಿ ಮನೆಯ ದಾರಿ ಹಿಡಿದಳು. ತಂಗಿಗಾಗಿ ತನ್ನನ್ನು ಬಿಟ್ಟುಕೊಟ್ಟವಳು ಎಂದರೆ ನಮ್ಮ ಬಂಧುಬಳಗಕ್ಕೆ ಇನ್ನೊಂದು ಗಂಟಲು ಕಟ್ಟುವ ಕಥೆ ಸಿಕ್ಕಿತು. ಆದರೆ ಅದೇ ಕೆಲಸವನ್ನು, ಅದೇ ಗಟ್ಟಿತನದಿಂದ, ಸಿರುಗುಪ್ಪದ ಆ ಹೊಸ್ತಿಲನ್ನು ಮತ್ತೆ ತುಳಿಯಬಾರದು ಎಂದು ನಿಶ್ಚಯಿಸಿದವಳೂ ಮಾಡುತ್ತಾಳೆ. ಇದ್ದ ಸಾಕ್ಷಿಯಷ್ಟೂ ಎರಡೂ ಕಡೆಗೆ ಸಮನಾಗಿ ಹೊಂದುತ್ತದೆ, ಬಿಡಿಸಬಲ್ಲವಳು ಅವಳೊಬ್ಬಳೇ. ನಾನು ಹಿಂದೆಯೇ ನಡೆದು, ತೋಟದ ತಡಿಕೆ ಬಾಗಿಲಲ್ಲಿ ಅವಳಿಗೆ ಅಡ್ಡ ನಿಂತೆ.

"ಅತ್ತೀ, ಆ ಮೆಳಿ ಕಡಿಸಿದ್ದು ನೀಲತ್ತೀ ಮದುವಿ ಆಗಲಿ ಅಂತೇನು, ಇಲ್ಲಾ ನೀ ತಿರುಗಿ ಆ ಮನಿಗೆ ಹೋಗಬಾರದು ಅಂತೇನು?"